ಸೀಮಿತ ಡಿಸ್ಕ್ ಸ್ಥಳದಲ್ಲಿ ಬ್ಯಾಕಪ್ ವೇಳಾಪಟ್ಟಿ: ಸದಸ್ಯರು ತಿಳಿದಿರಬೇಕಾದ ಲೆಕ್ಕ



ಪಂಚತಂತ್ರ, ಇ-ಸ್ವತ್ತು ತಂತ್ರಾಂಶಗಳ ದತ್ತಾಂಶವು ರಾಜ್ಯಮಟ್ಟದ ಸರ್ವರ್‌ನಲ್ಲಿರುತ್ತದೆ. ಆದರೆ ಸ್ಥಳೀಯವಾಗಿ ಇಟ್ಟುಕೊಂಡ ನೀರಿನ ಶುಲ್ಕದ ಲೆಕ್ಕ, ಸ್ಕ್ಯಾನ್ ಮಾಡಿದ ಹಳೆಯ ವಹಿಗಳು ಮುಂತಾದವು ಕಚೇರಿಯ ಗಣಕಯಂತ್ರದಲ್ಲಷ್ಟೇ ಇದ್ದರೆ, ಅವುಗಳ ರಕ್ಷಣೆ ಪಂಚಾಯಿತಿಯದೇ ಹೊಣೆ.

ನಾನು ಹಿಂದೆ ಕರ್ತವ್ಯ ನಿರ್ವಹಿಸಿದ ಒಂದು ಪಂಚಾಯಿತಿಯಲ್ಲಿ ಪ್ರತಿದಿನ ಸಂಜೆ ಬ್ಯಾಕಪ್ ತಾನಾಗಿಯೇ ಆಗುವ ಏರ್ಪಾಡಿತ್ತು. ಡಿಸ್ಕ್ ತುಂಬಿ ಅದು ನಿಂತುಹೋದುದನ್ನು ನಾನೂ ಸೇರಿದಂತೆ ಯಾರೂ ಗಮನಿಸಲಿಲ್ಲ. ಗಣಕಯಂತ್ರ ಕೆಟ್ಟಾಗ ಐದು ವಾರಗಳ ವಸೂಲಾತಿ ವಿವರ ಇಲ್ಲವಾಗಿತ್ತು. ರಸೀದಿ ಪುಸ್ತಕಗಳ ಸ್ಥಳಪ್ರತಿ ನೋಡಿ ಮರುನಮೂದು ಮಾಡಿ ಮುಗಿಸುವುದರೊಳಗೆ, ಹಣ ಕಟ್ಟಿದ ಕೆಲವರ ಮನೆಗೂ ಬಾಕಿ ನೋಟಿಸು ತಲುಪಿತ್ತು. ಅವರಿಗೆ ಉತ್ತರ ಹೇಳಬೇಕಾದವರು ವಾರ್ಡಿನ ಸದಸ್ಯರೇ.

ಆದ್ದರಿಂದ ಡಿಸ್ಕಿನ ಗಾತ್ರಕ್ಕಿಂತ ಮೊದಲು, ಎಷ್ಟು ದಿನಗಳ ಕೆಲಸ ನಷ್ಟವಾದರೆ ಮರಳಿ ಮಾಡಲು ಸಾಧ್ಯ ಎಂಬುದನ್ನು ನಿರ್ಧರಿಸಬೇಕು. ವಸೂಲಾತಿಗೆ ಒಂದು ದಿನವೇ ಮಿತಿ. ಸ್ಕ್ಯಾನ್ ಮಾಡಿದ ವಹಿಗಳು ಬದಲಾಗುವುದಿಲ್ಲವಾದ್ದರಿಂದ ಅವನ್ನು ಪ್ರತಿದಿನ ನಕಲಿಸುವುದು ವ್ಯರ್ಥ.

ಉದಾಹರಣೆಗೆ, ವಹಿಗಳು 10 ಜಿಬಿ, ಲೆಕ್ಕದ ದತ್ತಾಂಶ 2 ಜಿಬಿ, ಬ್ಯಾಕಪ್ ಡಿಸ್ಕ್ 40 ಜಿಬಿ ಎಂದಿಟ್ಟುಕೊಳ್ಳೋಣ. ಎಲ್ಲವನ್ನೂ ದಿನವೂ ನಕಲಿಸಿದರೆ ನಾಲ್ಕನೆಯ ದಿನಕ್ಕೆ ಜಾಗವಿರುವುದಿಲ್ಲ. ಬದಲಿಗೆ ವಹಿಗಳನ್ನು ಒಮ್ಮೆ ಮಾತ್ರ ನಕಲಿಸಿ, ಲೆಕ್ಕದ ಪೂರ್ಣ ಪ್ರತಿಯನ್ನು ವಾರಕ್ಕೊಮ್ಮೆ ತೆಗೆದು, ಉಳಿದ ದಿನ ಆಯಾ ದಿನದ ಬದಲಾವಣೆಯನ್ನಷ್ಟೇ ಉಳಿಸಬಹುದು. ಎರಡನೇ ಹಾಗೂ ನಾಲ್ಕನೇ ಶನಿವಾರ ರಜೆಯಿರುವುದರಿಂದ ಪೂರ್ಣ ಪ್ರತಿಗೆ ಶುಕ್ರವಾರವೇ ಲೇಸು. ದಿನದ ಬದಲಾವಣೆ ಸುಮಾರು 0.1 ಜಿಬಿ ಎಂದರೆ, ನಾಲ್ಕು ವಾರಗಳ ಪ್ರತಿಗಳಿಗೆ 10 ಜಿಬಿ ಸಾಕು. ತಪ್ಪು ನಮೂದು ಎರಡು ತಿಂಗಳ ಬಳಿಕ ಬೆಳಕಿಗೆ ಬಂದರೆ ಆ ನಾಲ್ಕು ವಾರಗಳ ಪ್ರತಿಗಳಲ್ಲೂ ಅದೇ ತಪ್ಪಿರುತ್ತದೆ. ಅದಕ್ಕಾಗಿ ಮೂರು ತಿಂಗಳಾಂತ್ಯದ ಪ್ರತಿಗಳಿಗೆ 6 ಜಿಬಿ, ಲೆಕ್ಕಪರಿಶೋಧನೆ ಮುಗಿಯುವವರೆಗೆ ಮಾರ್ಚ್ 31ರ ಪ್ರತಿಗೆ 2 ಜಿಬಿ ಮೀಸಲಿಡಬೇಕು. ಒಟ್ಟು 28 ಜಿಬಿ.

ಇಲ್ಲಿ ಸಾಮಾನ್ಯವಾಗಿ ಮರೆಯುವುದು ಇನ್ನೊಂದು 2 ಜಿಬಿ. ಹೊಸ ಪ್ರತಿ ಸರಿಯಾಗಿದೆಯೆಂದು ಪರೀಕ್ಷಿಸುವ ಮುನ್ನ ಹಳೆಯದನ್ನು ಅಳಿಸಕೂಡದು. ಎರಡಕ್ಕೂ ಏಕಕಾಲಕ್ಕೆ ಜಾಗ ಬೇಕು. ಅಳಿಸುವಾಗಲೂ ಇಡೀ ವಾರವನ್ನು ಒಟ್ಟಿಗೇ ಅಳಿಸಬೇಕು. ಪೂರ್ಣ ಪ್ರತಿ ಹೋದರೆ ಅದನ್ನು ಆಧರಿಸಿದ ದಿನದ ಪ್ರತಿಗಳಷ್ಟರಿಂದಲೇ ಪೂರ್ಣ ಲೆಕ್ಕವನ್ನು ಮರಳಿ ಪಡೆಯಲಾಗದು.

ನಕಲು ಮುಗಿದೊಡನೆ ಡಿಸ್ಕನ್ನು ಗಣಕಯಂತ್ರದಿಂದ ಬೇರ್ಪಡಿಸತಕ್ಕದ್ದು; ಇಲ್ಲವಾದರೆ ವೈರಸ್ ಎರಡನ್ನೂ ಕೆಡಿಸಬಹುದು. ವಾರದ ಪ್ರತಿ ಮತ್ತು ವಹಿಗಳ ಇನ್ನೊಂದು ನಕಲು ಬೇರೆ ಕಟ್ಟಡದ ಬೀರುವಿನಲ್ಲಿರಲಿ.

ಮಾಸಿಕ ಸಭೆಯಲ್ಲಿ ಕೊನೆಯ ಪ್ರತಿಯ ದಿನಾಂಕವನ್ನೂ ಉಳಿದಿರುವ ಜಾಗವನ್ನೂ ಸದಸ್ಯರು ಕೇಳಬಹುದು. ಮೂರು ತಿಂಗಳಿಗೊಮ್ಮೆ ಆ ಪ್ರತಿಯನ್ನು ಬೇರೊಂದು ಗಣಕಯಂತ್ರದಲ್ಲಿ ತೆರೆದು, ತಮ್ಮ ವಾರ್ಡಿನ ಒಂದು ರಸೀದಿಯನ್ನು ತೋರಿಸುವಂತೆ ಸೂಚಿಸಬಹುದು. ಉಳಿದಿರುವ ಜಾಗ 4 ಜಿಬಿಗಿಂತ ಕಡಿಮೆಯಾದಾಗ ಹೊಸ ಡಿಸ್ಕ್ ಖರೀದಿಯ ಪ್ರಸ್ತಾವನೆಯನ್ನು ಸಭೆಯ ಮುಂದೆ ಮಂಡಿಸುವುದು ಸೂಕ್ತ.