ಬಸುರಿಯ ರಕ್ತದೊತ್ತಡ: ಬಿಗಿಯುವ ನಾಳಗಳ ಕಥೆ

ಕಾರವಾರದ ಶಿರವಾಡವಿರಲಿ, ಅಂಕೋಲೆಯಿರಲಿ, ಗರ್ಭಿಣಿಯ ತಾಯಿ ಕಾರ್ಡಿನಲ್ಲಿ ಪ್ರತಿ ತಪಾಸಣೆಯಲ್ಲೂ ರಕ್ತದೊತ್ತಡ ಬರೆಯುವುದನ್ನು ನೀವು ನೋಡಿರಬಹುದು. ಏಕೆ?

20 ವಾರಗಳ ನಂತರ ಒತ್ತಡ 140/90 ಮಿಮೀ ಪಾದರಸ ಮುಟ್ಟಿ, ಮೂತ್ರದಲ್ಲಿ ಪ್ರೋಟೀನ್ ಕಂಡರೆ ಅಥವಾ ಯಕೃತ್ತು, ಮೂತ್ರಪಿಂಡಗಳಿಗೆ ತೊಂದರೆಯಾದರೆ ಅದು ಪ್ರೀಎಕ್ಲಾಂಪ್ಸಿಯ.

ಸಾಮಾನ್ಯ ಬಸುರಿನಲ್ಲಿ ಗರ್ಭಕೋಶದ ಸುರುಳಿ ಧಮನಿಗಳು ಹಿಗ್ಗಿ ಮಾಸಿಗೆ ಧಾರಾಳವಾಗಿ ರಕ್ತ ಒದಗಿಸುತ್ತವೆ. ಅವು ಸಾಕಷ್ಟು ಹಿಗ್ಗದಿದ್ದರೆ ಹರಿವು ಏರುಪೇರಾಗುತ್ತದೆ. ಆಕ್ಸಿಜನ್ ಒಮ್ಮೆ ಕಡಿಮೆ, ಒಮ್ಮೆ ಹೆಚ್ಚು. ಆಗ ಸೂಪರ್‌ಆಕ್ಸೈಡ್ ಎಂಬ ಚುರುಕಾದ ಅಯಾನು ಹೆಚ್ಚುತ್ತದೆ. ದೇಹದ ಉತ್ಕರ್ಷಣ ನಿರೋಧಕಗಳು ಅದಕ್ಕೆ ಸಾಲದಾದಾಗ ಉಂಟಾಗುವುದೇ ಉತ್ಕರ್ಷಣ ಒತ್ತಡ.

ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡನ್ನು ಬಿಡುಗಡೆ ಮಾಡಿ ನಾಳವನ್ನು ಸಡಿಲಿಸುತ್ತದೆ. ಇದನ್ನು ತಿಳಿಸಿದ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಅವರಿಗೆ 1998ರ ನೊಬೆಲ್ ಬಹುಮಾನ ಬಂತು. ಸೂಪರ್‌ಆಕ್ಸೈಡ್ ಈ ಅಣುವಿನೊಡನೆ ಕೂಡಿ ಪೆರಾಕ್ಸಿನೈಟ್ರೈಟ್ ಆಗುತ್ತದೆ. ಸಡಿಲಿಸುವ ಅಣು ಕಡಿಮೆಯಾಗಿ ನಾಳ ಬಿಗಿಯುತ್ತದೆ.

ಸ್ವಲ್ಪ ಬಿಗಿದರೇನು ಎನ್ನಬೇಡಿ. ಪ್ವಾಸೇಯ ನಿಯಮದಂತೆ ಹರಿವು ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆ. ತ್ರಿಜ್ಯ ಶೇ. 10 ತಗ್ಗಿದರೆ (0.9)⁴ = 0.66; ಅಂದರೆ ಹರಿವು ಸುಮಾರು ಮೂರನೇ ಒಂದು ಭಾಗ ಇಳಿಯುತ್ತದೆ. ಅದೇ ಹರಿವು ಉಳಿಯಬೇಕಾದರೆ ಒತ್ತಡ ಒಂದೂವರೆ ಪಟ್ಟಾಗಬೇಕು!

ಹಾಗಾದರೆ ಉತ್ಕರ್ಷಣ ನಿರೋಧಕ ಮಾತ್ರೆ ಸಾಕೇ? ಇಲ್ಲ. 2006ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ ಸಿ ಮತ್ತು ಇ ವಿಟಮಿನ್‌ಗಳು ಇದನ್ನು ತಡೆಯಲಿಲ್ಲ. ಅಪಾಯ ಹೆಚ್ಚಿರುವವರಿಗೆ ವೈದ್ಯರು ಕಡಿಮೆ ಪ್ರಮಾಣದ ಆಸ್ಪಿರಿನ್ ಸೂಚಿಸುತ್ತಾರೆ.

ಬಸುರಿಗೆ ತೀವ್ರ ತಲೆನೋವು, ಕಣ್ಣು ಮಂಜಾಗುವುದು, ದಿಢೀರನೆ ಮುಖ ಊದುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಯಾವ ಲಕ್ಷಣವೂ ಇಲ್ಲದೆ ಒತ್ತಡ ಏರಬಹುದು. ಆದ್ದರಿಂದಲೇ ಕಾರ್ಡಿನ ಆ ಎರಡು ಅಂಕಿಗಳನ್ನು ಪ್ರತಿ ಸಲವೂ ಓದಿ.