ಟಿವಿ ಆ್ಯಪ್ ತೆರೀತಿಲ್ವಾ? ರೌಟರ್‌ನಲ್ಲಿ ಇದನ್ನ ನೋಡಿ

ವೈಫೈ ಫುಲ್ ಇದೆ.
ಮೊಬೈಲಲ್ಲಿ ವಾಟ್ಸಾಪ್ ಓಡ್ತಿದೆ.
ಟಿವಿಯಲ್ಲಿ ಆ್ಯಪ್ ಮಾತ್ರ ತೆರೆಯೋದೇ ಇಲ್ಲ.
ಯಾಕೆ?

ದಾಂಡೇಲಿ, ಹಳಿಯಾಳ, ಜೋಯಿಡಾದವರೇ,
ಮುಂಡಗೋಡಕ್ಕೆ ಹೋಗಿದ್ದೀರಲ್ಲ?
ಆಟೋದವರಿಗೆ 'ಡ್ರೆಪುಂಗ್ ಮಠ' ಅಂತೀರಿ.
ಅವರಿಗೆ ಗೊತ್ತು, ಲಾಮಾ ಕ್ಯಾಂಪ್ ನಂಬರ್ 2.
ನೀವು ಹೆಸರು ಹೇಳಿದ್ರಿ,
ಅವರು ನಂಬರ್ ಹಿಡಿದು ಹೊರಟ್ರು.

ಡಿಎನ್‌ಎಸ್ ಕೆಲಸವೂ ಅದೇ.
1983ರಲ್ಲಿ ರೂಪಿಸಿದ ವ್ಯವಸ್ಥೆ.
ಆ್ಯಪ್ ಹೆಸರು ಕೇಳುತ್ತೆ, ಇದು ನಂಬರ್ ಕೊಡುತ್ತೆ.
ದಾರಿ ಹೇಳೋರೇ ತಡವರಿಸಿದ್ರೆ?
ರಸ್ತೆ ಚೆನ್ನಾಗಿದ್ರೂ ನೀವು ನಿಂತಲ್ಲೇ!

ಹಾಗಾದ್ರೆ ದಾರಿ ಹೇಳೋರನ್ನ ಬದಲಿಸಿ.
ಮೊಬೈಲ್ ಬ್ರೌಸರ್‌ನಲ್ಲಿ ರೌಟರ್ ಪುಟ ತೆರೆಯಿರಿ.
ವಿಳಾಸ ಸಾಮಾನ್ಯವಾಗಿ ರೌಟರ್ ಅಡಿಯ ಸ್ಟಿಕ್ಕರ್‌ನಲ್ಲೇ ಇರುತ್ತೆ.
ಮೊದಲು ಅಲ್ಲಿರುವ ಹಳೇ ಡಿಎನ್‌ಎಸ್ ನಂಬರಿನ ಫೋಟೋ ತೆಗೆದಿಟ್ಕೊಳ್ಳಿ.
ದಯವಿಟ್ಟು ಇದನ್ನ ಮರೀಬೇಡಿ.
ಆಮೇಲೆ ಡಿಎನ್‌ಎಸ್ ಜಾಗದಲ್ಲಿ ನಾಲ್ಕು ಎಂಟು: 8.8.8.8, ಗೂಗಲ್‌ದು.
ಇಲ್ಲವೇ ನಾಲ್ಕು ಒಂದು: 1.1.1.1, ಕ್ಲೌಡ್‌ಫ್ಲೇರ್‌ದು.
ಸೇವ್ ಮಾಡಿ.
ರೌಟರ್, ಟಿವಿ ಎರಡನ್ನೂ ಆರಿಸಿ, ಮತ್ತೆ ಹಚ್ಚಿ.

ಇದರಿಂದ ನೆಟ್ ಸ್ಪೀಡ್ ಹೆಚ್ಚಾಗಲ್ಲ.
ಸಿನಿಮಾ ನಡುನಡುವೆ ನಿಲ್ತಿದ್ರೆ, ತೊಂದರೆ ಬೇರೆ ಕಡೆ ಇದೆ.
ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ ಹರಿದಿದ್ರೆ,
ಯಾವ ನಂಬರ್ ಹಾಕಿದ್ರೂ ಟಿವಿ ಬರಲ್ಲ.
ಆಗ ನೆಟ್‌ನವರಿಗೇ ಫೋನ್ ಮಾಡಿ.