ಶಾಲಿನಡಿಯ ಬೆರಳು, ಬಂದರಿನ ಮುದ್ರೆ

ಮೈ ಹಾಲುಬಿಳುಪು, ತಲೆ ಮತ್ತು ಕತ್ತು ಕಾಡಿಗೆ ಕಪ್ಪು, ಹಿಂದೆ ಕೊಬ್ಬು ತುಂಬಿದ ಗಿಡ್ಡ ಬಾಲ. ಸೊಮಾಲಿ ಸೀಮೆಯ ಕುರಿಯನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಹರ್ಗೀಸಾ ಊರಿನ ಜಾನುವಾರು ಸಂತೆಗೆ ಬಿಸಿಲೇರುವ ಮೊದಲೇ ಇಂಥ ಕುರಿಗಳೂ ಆಡುಗಳೂ ಹಿಂಡು ಹಿಂಡಾಗಿ ಬಂದು ನಿಲ್ಲುತ್ತವೆ. ಒಂದು ಬದಿಗೆ ಒಂಟೆಗಳು. ಧೂಳು, ಹಿಕ್ಕೆಯ ವಾಸನೆ, ಕೂಗಾಟ. ಈ ಗದ್ದಲದ ನಡುವೆ ಇಬ್ಬರು ಮಾತ್ರ ಮಾತಿಲ್ಲದೆ ಕೈ ಹಿಡಿದು ನಿಂತಿರುತ್ತಾರೆ. ಹಿಡಿದ ಕೈಗಳ ಮೇಲೊಂದು ಶಾಲು. ಚೌಕಾಸಿಯೆಲ್ಲ ಅದರಡಿಯಲ್ಲಿ, ಬೆರಳುಗಳಲ್ಲೇ. ಒಂದು ಬೆರಳು ಒತ್ತಿದರೆ ಒಂದು ದರ, ಇನ್ನೊಂದು ಸೇರಿದರೆ ಮತ್ತಷ್ಟು. ಒಪ್ಪಿಗೆಯಾಗದಿದ್ದರೆ ಕೈ ಕೊಡವಿಕೊಂಡು ಹಿಂದೆ ಸರಿಯುವುದು, ಮತ್ತೆ ಬಂದು ಹಿಡಿಯುವುದು. ಸುತ್ತ ನಿಂತವರಿಗೆ ದರ ತಿಳಿಯುವುದಿಲ್ಲ. ನಮ್ಮ ದನಗಳ ಜಾತ್ರೆಗಳಲ್ಲಿ ಟವೆಲ್ಲಿನ ಕೆಳಗೆ ಎತ್ತಿನ ಬೆಲೆ ಕುದುರುವುದನ್ನು ಕಂಡವರಿಗೆ ಇದು ಹೊಸದಲ್ಲ.

ಮಾರುವವನು ಎಲ್ಲಿಯವನೋ, ಕೊಳ್ಳುವವನು ಎಲ್ಲಿಯವನೋ. ನಡುವೆ ನಿಂತ ದಲ್ಲಾಳಿಗೆ ಇಬ್ಬರೂ ಗೊತ್ತು. ಇದು ಕಳವಿನ ಕುರಿಯಲ್ಲ ಎಂಬುದಕ್ಕೆ ಅವನೇ ಜಾಮೀನು. ನಾಳೆ ತಕರಾರು ಬಂದರೆ ಉತ್ತರ ಕೊಡಬೇಕಾದವನೂ ಅವನೇ. ಅವನ ಹಿಂದೆ ಅವನ ಕುಲವಿದೆ, ಕುಲದ ಹಿರಿಯರಿದ್ದಾರೆ, ‘ಹೀರ್’ ಎಂದು ಕರೆಯುವ ಹಳೆಯ ಕಟ್ಟಳೆಯಿದೆ. ಆ ಕಟ್ಟಳೆಯ ಪ್ರಕಾರ ಒಬ್ಬನ ತಪ್ಪಿಗೆ ಇಡೀ ಬಳಗ ದಂಡ ತೆರಬೇಕು. ಗಂಡಸೊಬ್ಬನ ಕೊಲೆಗೆ ರೂಢಿಯ ಪರಿಹಾರ 100 ಒಂಟೆ. ಪೊಲೀಸರಿಲ್ಲದ ನಾಡಿನಲ್ಲೂ ಸಂತೆ ನಡೆದದ್ದು ಈ ಬಲದ ಮೇಲೆ.

1991ರ ಜನವರಿಯಲ್ಲಿ ಸರ್ವಾಧಿಕಾರಿ ಸಿಯಾದ್ ಬಾರೆ ರಾಜಧಾನಿ ಮೊಗದಿಶು ಬಿಟ್ಟು ಓಡಿದ ಮೇಲೆ ಸೊಮಾಲಿಯಾಕ್ಕೆ ಸರ್ಕಾರವೇ ಇಲ್ಲವಾಯಿತು. ಕೇಂದ್ರ ಬ್ಯಾಂಕು ಮುಚ್ಚಿಹೋಯಿತು. ಅದು ಅಚ್ಚು ಹಾಕಿಸಿದ್ದ ಶಿಲ್ಲಿಂಗ್ ನೋಟುಗಳು ಮಾತ್ರ ಕೈಯಿಂದ ಕೈಗೆ ಓಡಾಡುತ್ತಲೇ ಇದ್ದವು. ಬಂದೂಕಿನ ಪಡೆ ಕಟ್ಟಿಕೊಂಡ ಸೇನಾಧಿಪತಿಗಳೂ ವರ್ತಕರೂ ಹೊರದೇಶದಲ್ಲಿ 1000 ಶಿಲ್ಲಿಂಗಿನ ನಕಲು ನೋಟು ಅಚ್ಚು ಹಾಕಿಸಿ ಮೂಟೆಗಟ್ಟಲೆ ತಂದು ಸುರಿದರು. ಕೊನೆಗೆ ನೋಟಿನ ಬೆಲೆ ಅದರ ಕಾಗದ, ಶಾಯಿ, ಸಾಗಣೆಯ ಖರ್ಚಿನ ಹತ್ತಿರಕ್ಕೆ ಇಳಿಯಿತು. ಮೊಗದಿಶುವಿನ ಬಕಾರಾ ಮಾರುಕಟ್ಟೆಯಲ್ಲಿ ಅಕ್ಕಿ, ಬಟ್ಟೆ, ಮೊಬೈಲು ಸಿಗುತ್ತಿದ್ದಂತೆಯೇ ಬಂದೂಕೂ ಸಿಗುತ್ತಿತ್ತು, ನಕಲಿ ಪಾಸ್‌ಪೋರ್ಟೂ ಸಿಗುತ್ತಿತ್ತು. ಪರದೇಶದಲ್ಲಿ ದುಡಿಯುವ ಮಗ ಕಳಿಸಿದ ಹಣ ಹವಾಲಾ ಅಂಗಡಿಯ ಮೂಲಕ ತಾಯಿಯ ಕೈ ಸೇರುತ್ತಿತ್ತು. ಫೋನ್ ಕಂಪನಿಗಳ ಪೈಪೋಟಿಯಲ್ಲಿ ಕರೆ ದರ ಆಫ್ರಿಕಾದಲ್ಲೇ ಅಗ್ಗದವುಗಳಲ್ಲಿ ಒಂದಾಯಿತು.

ಅಮೆರಿಕದ ಅರ್ಥಶಾಸ್ತ್ರಜ್ಞ ಪೀಟರ್ ಲೀಸನ್ 2007ರಲ್ಲಿ ಅಂಕಿಅಂಶ ಹಿಡಿದು, ಸರ್ಕಾರವಿದ್ದಾಗಿನದಕ್ಕಿಂತ ಇಲ್ಲದಾಗಲೇ ಸೊಮಾಲಿಯಾ ವಾಸಿ ಎಂದು ವಾದಿಸಿದರು. ಅದನ್ನು ಹಗುರವಾಗಿ ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ. ಬಾರೆಯ ಸರ್ಕಾರ 1988ರಲ್ಲಿ ಇದೇ ಹರ್ಗೀಸಾದ ಮೇಲೆ, ತನ್ನದೇ ಪ್ರಜೆಗಳ ಮೇಲೆ ಬಾಂಬು ಹಾಕಿತ್ತು. ಅಂಥ ಸರ್ಕಾರ ತೊಲಗಿದ್ದೇ ದೊಡ್ಡ ಉಪಕಾರ.

ಆದರೆ ಬಕಾರಾದ ವರ್ತಕರು ಏನು ಮಾಡಿದರು ನೋಡಿ. ದಾರಿಯುದ್ದಕ್ಕೂ ಬಂದೂಕುಧಾರಿಗಳ ತಡೆಗಟ್ಟೆ, ಪ್ರತಿಯೊಂದರಲ್ಲೂ ಸುಂಕ. ಲಾರಿಯೊಂದಿಗೆ ಕಾವಲಿನವರನ್ನೂ ಸಾಕಬೇಕು. ರೋಸಿಹೋದ ವರ್ತಕರು 1999ರ ಸುಮಾರಿಗೆ ಸೇನಾಧಿಪತಿಗಳಿಗೆ ಕಪ್ಪ ಕೊಡುವುದನ್ನು ನಿಲ್ಲಿಸಿ, ಅವರ ಬಂಟರಿಗೆ ತಾವೇ ಸಂಬಳ ಕೊಟ್ಟು, ಷರಿಯಾ ನ್ಯಾಯಾಲಯಗಳ ಕೈಕೆಳಗೆ ಇರಿಸಿದರು. ಸರ್ಕಾರವಿಲ್ಲದ ಪೇಟೆ ಹೀಗೆ ತನ್ನ ಗಂಟಿನಿಂದಲೇ ಒಂದು ಚಿಕ್ಕ ಸರ್ಕಾರ ಕಟ್ಟಿಕೊಂಡಿತು. ಪೇಟೆ ಸರ್ಕಾರವಿಲ್ಲದೆ ಹುಟ್ಟಬಲ್ಲದು, ಕೆಲಕಾಲ ಬಾಳಬಲ್ಲದು. ಪರಿಚಯದ ಬಳಗ ಮುಗಿದ ಕಡೆ ಅದರ ನಡೆ ನಿಲ್ಲುತ್ತದೆ. ನನಗೆ ಇದು ಖಚಿತವಾದದ್ದು ಕುರಿಗಳ ಕಥೆಯಿಂದ.

ಹರ್ಗೀಸಾದ ಕುರಿಗಳು ಬರ್ಬೆರಾ ಬಂದರಿನಿಂದ ಹಡಗು ಹತ್ತಿ ಸೌದಿ ಅರೇಬಿಯಾಕ್ಕೆ ಹೋಗುತ್ತವೆ. ಹಜ್ ಕಾಲ ಬಂತೆಂದರೆ ಭಾರಿ ಬೇಡಿಕೆ. 2000ರ ಸೆಪ್ಟೆಂಬರಿನಲ್ಲಿ ಸೌದಿ ಮತ್ತು ಯೆಮನ್‌ಗಳಲ್ಲಿ ರಿಫ್ಟ್ ಕಣಿವೆ ಜ್ವರ ಕಾಣಿಸಿಕೊಂಡಿತು. ಸೊಳ್ಳೆಯಿಂದ ದನಕುರಿಗೆ, ಅವುಗಳಿಂದ ಮನುಷ್ಯನಿಗೆ ಅಂಟುವ ರೋಗ. ಆಫ್ರಿಕಾದ ಕೊಂಬಿನ ದೇಶಗಳ ಜಾನುವಾರು ಬೇಡವೆಂದು ಸೌದಿ ಬಾಗಿಲು ಹಾಕಿತು. ಕುರಿಗೆ ರೋಗವಿಲ್ಲ ಎಂದು ಬರೆದುಕೊಡುವವರು ಯಾರು? ದಲ್ಲಾಳಿಯ ಜಾಮೀನು ಸಮುದ್ರ ದಾಟುವುದಿಲ್ಲ. ಕುಲದ ಹಿರಿಯರು ಕಳ್ಳನನ್ನು ಹಿಡಿದಾರು, ರಕ್ತದಲ್ಲಿರುವ ವೈರಾಣುವನ್ನು ಹಿಡಿಯಲಾರರು. ಮೊಗದಿಶುವಿನಲ್ಲಿ ಸಹಿ ಹಾಕಬಲ್ಲ ಗಟ್ಟಿ ಸರ್ಕಾರವೇ ಇರಲಿಲ್ಲ. ಹರ್ಗೀಸಾ, ಬರ್ಬೆರಾಗಳಿರುವ, 1991ರ ಮೇ ತಿಂಗಳಲ್ಲಿ ಸೊಮಾಲಿಯಾದಿಂದ ಬೇರೆಯಾಗಿ, ಹಿರಿಯರ ಸಭೆಗಳಿಂದಲೇ ಎದ್ದು ನಿಂತ ಸೊಮಾಲಿಲ್ಯಾಂಡಿಗೆ ಸರ್ಕಾರವಿತ್ತು. ಆದರೆ ಅದನ್ನು ಆಗ ಜಗತ್ತಿನ ಯಾವ ದೇಶವೂ ಮಾನ್ಯ ಮಾಡಿರಲಿಲ್ಲ.

ಸೌದಿಯ ಬಾಗಿಲು ಮತ್ತೆ ತೆರೆದದ್ದು 2009ರಲ್ಲಿ, ಕುರಿಗಳನ್ನು ಪ್ರತ್ಯೇಕವಾಗಿರಿಸಿ ರಕ್ತ ಪರೀಕ್ಷೆ ಮಾಡುವ ಕೇಂದ್ರ ಬರ್ಬೆರಾದಲ್ಲಿ ಎದ್ದ ಮೇಲೆ. ಕಟ್ಟಿಸಿದವರು ಸೌದಿಯ ಖಾಸಗಿ ವ್ಯಾಪಾರಿಯೇ. ಆದರೂ ಅಲ್ಲಿನ ಮುದ್ರೆಗೆ ಬೆಲೆ ಬಂದದ್ದು ಸೌದಿ ಸರ್ಕಾರ ಅದನ್ನು ಒಪ್ಪಿದ್ದರಿಂದ. ನಡುವಿನ ಆ ವರ್ಷಗಳ ನಷ್ಟವನ್ನು ಹೊತ್ತವರು ಕುರಿ ಬಿಟ್ಟರೆ ಬೇರೆ ಆಸ್ತಿಯಿಲ್ಲದ ಕುರಿಗಾಹಿಗಳು.